ಎಂಟನೇ ನಂಬರ್ ಇಂಜಿನ್ನಿನ ಶಂಟರ್

ಎಂಟನೇ ನಂಬರ್ ಇಂಜಿನ್ನಿಗೆ ಬಣ್ಣ ಬಳಿಯಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನವೂ ಯಾರ್ಡಿನ ಕೆಲಸವೆಲ್ಲ ಆರನೇ ನಂಬರಿನ ಮೇಲೆ ಬಿತ್ತು. ಗೊಬ್ಬರದ ವ್ಯಾಗನ್ನು, ಉಕ್ಕಿನ ಸುರುಳಿಯ ವ್ಯಾಗನ್ನು, ಖಾಲಿ ವ್ಯಾಗನ್ನು ಎಲ್ಲವನ್ನೂ ಅದೊಂದೇ ಡೀಸೆಲ್ ಇಂಜಿನ್ನು ಕಪ್ಪು ಹೊಗೆ ಉಗುಳುತ್ತ ಒಂದು ಹಳಿಯಿಂದ ಇನ್ನೊಂದು ಹಳಿಗೆ ನೂಕುತ್ತಿತ್ತು. ಇಂಥ ಇಂಜಿನ್ನುಗಳು ಊರಿಂದೂರಿಗೆ ಹೋಗುವುದಿಲ್ಲ. ಒಂದೇ ಯಾರ್ಡಿನೊಳಗೆ ಹಿಂದಕ್ಕೂ ಮುಂದಕ್ಕೂ ಓಡಾಡಿ, ವ್ಯಾಗನ್ನುಗಳನ್ನು ಬಿಡಿಸಿ, ಬೇಕಾದ ಸಾಲಿಗೆ ತಂದು ಜೋಡಿಸಿ ಕೊಡುವುದಷ್ಟೇ ಅವುಗಳ ಕೆಲಸ. ಆ ಕೆಲಸಕ್ಕೆ ಶಂಟಿಂಗ್ ಅನ್ನುತ್ತಾರೆ. ಇಂಜಿನ್ ನಡೆಸುವವನು ಶಂಟರ್.

ಮುಂಬಯಿಯ ಬಂದರಿನ ಕಡೆಗಿದ್ದ ಆ ಯಾರ್ಡಿಗೆ ನೂರು ವರ್ಷ ತುಂಬಿತ್ತು. ಕಲ್ಲಿನ ಗೋದಾಮುಗಳು, ಬ್ರಿಟಿಷರ ಕಾಲದ ತೂಕದ ಕಟ್ಟೆ, ತುಕ್ಕು ಹಿಡಿದು ಓರೆಯಾದ ನೀರಿನ ಟಾಕಿ ಇವೆಲ್ಲ ಇದ್ದಲ್ಲೇ ಇದ್ದವು. ಕಾಂಪೌಂಡಿನ ಆಚೆ ಮಾತ್ರ ನಲವತ್ತು ಮಹಡಿಯ ಬಿಲ್ಡಿಂಗುಗಳು ಎದ್ದಿದ್ದವು. ಯಾರ್ಡನ್ನು ಗುತ್ತಿಗೆ ಹಿಡಿದ ಕಂಪನಿಯು ನೂರನೇ ವರ್ಷದ ನೆನಪಿಗೆ ಎರಡು ನಿಮಿಷದ ಸಿನಿಮಾ ಮಾಡಿಸಲು ಹೊರಟಿತ್ತು. ಅದಕ್ಕೇ ಬಣ್ಣ. ಇಂಜಿನ್ನಿನ ಬಾನೆಟ್ಟಿಗೆ ನೀಲಿ, ಕೆಳಗೆ ಕೆನೆಬಣ್ಣದ ಪಟ್ಟಿ. ಪಟ್ಟಿಯ ಅಡಿಯ ತುಕ್ಕನ್ನು ಯಾರೂ ಕೆರೆದಿರಲಿಲ್ಲ.

ಬಣ್ಣ ಒಣಗುವ ಹೊತ್ತಿಗೆ ಕಂಪನಿಯ ಬಾಂದ್ರಾ ಆಫೀಸಿನಿಂದ ಪ್ರಚಾರದ ಕೆಲಸ ನೋಡಿಕೊಳ್ಳುವ ಶ್ರಾವ್ಯಾ ಎಂಬ ಹುಡುಗಿ ಬಂದಳು. ಅಪ್ಪ ಅಮ್ಮ ಉಡುಪಿ ಕಡೆಯವರು, ತಾನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಎಂದು ಪರಿಚಯ ಹೇಳಿಕೊಂಡಳು. ಯಾರ್ಡ್ ಆಫೀಸಿನಲ್ಲಿ ಕೂತಿದ್ದ ಅನುರಾಧಾಳ ಹತ್ತಿರ ಬಂದು, ತಡವರಿಸುವ ಕನ್ನಡದಲ್ಲಿ, ಸಿನಿಮಾದಲ್ಲಿ ನೀವೇ ಮೇನ್, ಯಾರ್ಡಿನ ಮೊದಲ ಮಹಿಳಾ ಶಂಟರ್ ಅಂತ ನಿಮ್ಮನ್ನು ತೋರಿಸುತ್ತೇವೆ ಎಂದಳು.

ಅನುರಾಧಾಳ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. ಹಾಗಾದರೆ ತನ್ನ ಫಾರಂಗೆ ಸಹಿ ಆಗಿದೆ ಎಂದುಕೊಂಡಳು.

ಅವಳಿಗೆ ಮೂವತ್ಮೂರು ವರ್ಷ. ಅಪ್ಪ ಖಂಡಪ್ಪ ಜೇವರ್ಗಿ ಕಡೆಯಿಂದ ಬಂದು ಇದೇ ಯಾರ್ಡಿನ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷ ಮೂಟೆ ಹೊತ್ತು ತೀರಿಕೊಂಡವನು. ಅವ್ವ ಸೋಮವ್ವ ಆಂಟಾಪ್ ಹಿಲ್‌ನ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಾಳೆ. ಅನುರಾಧಾ ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿತು, ಕಂಪನಿಗೆ ಸೇರಿ, ಒಂಬತ್ತು ತಿಂಗಳ ಶಂಟರ್ ಟ್ರೇನಿಂಗಿಗೆ ತಾನಾಗಿ ಹೆಸರು ಕೊಟ್ಟಿದ್ದಳು. ಹನ್ನೊಂದು ಗಂಡಸರ ಜೊತೆ ಕೂತು ಎರಡನೆಯವಳಾಗಿ ಪಾಸಾದಳು. ಆಮೇಲೆ ಹಿರಿಯ ಶಂಟರ್ ಸದಾನಂದನ ಕೈಕೆಳಗೆ ಮೂವತ್ತು ಪಾಳಿ ಇಂಜಿನ್ ನಡೆಸಿದಳು. ಮುಲ್ಕಿ ಕಡೆಯ ಸದಾನಂದ ದಹಿಸರ್‌ನಿಂದ ಬೆಳಗಿನ ಲೋಕಲ್ ಹಿಡಿದು ಬರುವ ಮನುಷ್ಯ, ಮಾತು ಕಡಿಮೆ. ಮೊದಲ ಮೂರು ದಿನ ಅವಳ ಮುಖವನ್ನೂ ನೋಡಿರಲಿಲ್ಲ. ನಾಲ್ಕನೇ ದಿನ, ನೀನು ಬ್ರೇಕ್ ಹಾಕುದು ಗಡಿಬಿಡಿಯಲ್ಲಿ ಮಾರಾಯ್ತಿ, ವ್ಯಾಗನ್ನಿಗೂ ಒಂದು ಉಸಿರು ತಗೊಳ್ಳಲಿಕ್ಕೆ ಬಿಡಬೇಕು ಎಂದ. ಅಲ್ಲಿಂದ ಕಲಿಸತೊಡಗಿದ. ಮೂವತ್ತನೇ ಪಾಳಿ ಮುಗಿದ ದಿನ ಅವಳ ಫಾರಂ ಮೇಲೆ ತನ್ನ ಸಹಿ ಹಾಕಿ ಕೊಟ್ಟ.

ಉಳಿದದ್ದು ಯಾರ್ಡ್ ಮಾಸ್ಟರ್ ಬಸವಂತರಾಯನ ಸಹಿ. ಅದೊಂದು ಬಿದ್ದರೆ ಅವಳು ಒಬ್ಬಳೇ ಇಂಜಿನ್ ನಡೆಸಬಹುದಿತ್ತು. ಆ ಫಾರಂ ಬಸವಂತರಾಯನ ಮೇಜಿನ ಎಡಗಡೆಯ ಖಾನೆಯಲ್ಲಿ ಹದಿನಾಲ್ಕು ತಿಂಗಳಿಂದ ಬಿದ್ದಿತ್ತು.

ಬಸವಂತರಾಯ ಅವಳ ಅಪ್ಪನ ಕಡೆಯ ಊರಿನವನೇ. ಖಂಡಪ್ಪ ಸತ್ತಾಗ ಹೆಗಲು ಕೊಟ್ಟವನು. ಮನೆಗೆ ಬಂದರೆ ಅವಳು ಕಾಕಾ ಅನ್ನುತ್ತಿದ್ದಳು. ಅದೇ ಅವಳ ಕೈಕಾಲು ಕಟ್ಟಿಹಾಕಿತ್ತು. ಅವನು ಒಮ್ಮೆಯೂ ಆಗುವುದಿಲ್ಲ ಅಂದವನಲ್ಲ. ಯಾರ್ಡಿನಲ್ಲಿ ಹೆಂಗಸರಿಗೆ ಸಂಡಾಸು ಇಲ್ಲ, ಅದು ಆಗಲಿ ಅಂದ. ಸಂಡಾಸು ಕಟ್ಟಿದ ಮೇಲೆ, ಮಳೆಗಾಲದಲ್ಲಿ ಇಂಜಿನ್ನಿನ ಮೆಟ್ಟಿಲು ಜಾರುತ್ತದೆ, ಮಳೆಗಾಲ ಕಳೆಯಲಿ ಅಂದ. ಮಳೆಗಾಲ ಕಳೆದ ಮೇಲೆ, ನಿನ್ನ ಅಪ್ಪ ನನ್ನ ಕೈಯಾಗ ನಿನ್ನ ಕೊಟ್ಟು ಹೋಗ್ಯಾನ, ನಿನಗೇನಾದರೂ ಆದರ ನಿಮ್ಮವ್ವಗ ಏನು ಮಾರಿ ತೋರಿಸ್ಲಿ ಅಂದ. ಅಪ್ಪ ಹಾಗೆ ಯಾರ ಕೈಯಲ್ಲೂ ಅವಳನ್ನು ಕೊಟ್ಟು ಹೋಗಿರಲಿಲ್ಲ. ಕಡೆಯ ಹತ್ತು ದಿನ ಅವನಿಗೆ ಮಾತೇ ನಿಂತಿತ್ತು. ಆದರೂ ಅವಳು ಎದುರು ಹೇಳಲಿಲ್ಲ. ಈ ಹದಿನಾಲ್ಕು ತಿಂಗಳು ಆಫೀಸಿನಲ್ಲಿ ಕೂತು ಪಾಳಿ ಪುಸ್ತಕ ಬರೆದಳು, ಬಸವಂತರಾಯನ ಇಂಗ್ಲಿಷ್ ಪತ್ರಗಳನ್ನು ಟೈಪ್ ಮಾಡಿದಳು, ಹೆಡ್ ಆಫೀಸಿನವರು ಬಂದಾಗ ಚಹಾ ತರಿಸಿ ಹಂಚಿದಳು. ಅವಳ ಜೊತೆ ಪಾಸಾದ ಹನ್ನೊಂದು ಗಂಡಸರೂ ಬೇರೆ ಬೇರೆ ಯಾರ್ಡುಗಳಲ್ಲಿ ಇಂಜಿನ್ ನಡೆಸುತ್ತಿದ್ದರು.

ಹಾಗಾಗಿ ಅಂದು ಸಂಜೆ ಅವಳು ಮಾರ್ಕೆಟ್ಟಿಗೇ ಹೋಗಿ ಅವ್ವನಿಗೆ ಸುದ್ದಿ ಹೇಳಿದಳು. ಸೋಮವ್ವ ಮೆಂತ್ಯದ ಕಟ್ಟಿಗೆ ನೀರು ಚಿಮುಕಿಸುತ್ತ ಕೇಳಿಸಿಕೊಂಡು, ಬಸಣ್ಣ ಕಡೀಕೂ ಮನಸ್ಸು ಮಾಡಿದ ನೋಡು ಅಂದಳು. ಆ ದಿನ ಉಳಿದ ಸೊಪ್ಪನ್ನು ಅಕ್ಕಪಕ್ಕದವರಿಗೆಲ್ಲ ಸುದ್ದಿ ಹೇಳುತ್ತ ಸುಮ್ಮನೇ ಕೊಟ್ಟು ಬೇಗ ಮನೆಗೆ ಬಂದಳು.

ಮರುದಿನ ಬೆಳಿಗ್ಗೆ ಅನುರಾಧಾ ಬಸವಂತರಾಯನ ಮೇಜಿನ ಮುಂದೆ ನಿಂತು, ಸಹಿ ಮಾಡಿದ ಫಾರಂ ಕೊಡಿರಿ, ಪಾಳಿ ಪುಸ್ತಕದಲ್ಲಿ ನನ್ನ ಹೆಸರು ಬರೆದುಕೊಳ್ಳುತ್ತೇನೆ ಎಂದಳು. ಅವನು ಕನ್ನಡಕ ತೆಗೆದು ಒರೆಸಿದ.

"ಅದು ಸಿನಿಮಾಕ್ಕಷ್ಟೇ ಅವ್ವಾ," ಎಂದ. "ಸಹಿ ಬ್ಯಾರೆ ಮಾತು. ನೀ ಕಿಟಕ್ಯಾಗ ನಿಂತು ಕೈ ಬೀಸಿದ್ರ ಆತು. ಸದಾನಂದ ಕೆಳಗ ಕುಂತು ಇಂಜಿನ್ ನಡಸ್ತಾನ. ಕ್ಯಾಮೆರಾದಾಗ ಕಾಣಂಗಿಲ್ಲ."

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕಿವಿಯೆರಡೂ ಬಿಸಿಯಾದವು. ನಾನೇ ನಡೆಸುತ್ತೇನಲ್ಲ, ಸದಾನಂದಣ್ಣ ಪಕ್ಕದಲ್ಲಿ ನಿಲ್ಲಲಿ ಎಂದಳು. ಸಹಿ ಇಲ್ಲದೆ ನೀನು ಇಂಜಿನ್ನಿನ ಹಿಡಿ ಮುಟ್ಟುವುದು ಕಾನೂನಿಗೆ ವಿರುದ್ಧ ಎಂದು ಅವನು ಶಾಂತವಾಗಿ ಹೇಳಿದ. ಸಹಿ ಮಾಡದೆ ಇಟ್ಟುಕೊಂಡವನೇ ಆ ಮಾತು ಹೇಳುತ್ತಿದ್ದ, ಅದೂ ಅವಳ ಮುಖ ನೋಡಿಕೊಂಡೇ.

ಅವಳು ಸದಾನಂದನನ್ನು ಹುಡುಕಿಕೊಂಡು ಹೋದಳು. ಅವನು ಆರನೇ ನಂಬರಿನ ನೆರಳಲ್ಲಿ ಕೂತು ಡಬ್ಬಿ ಬಿಚ್ಚುತ್ತಿದ್ದ. ನೀವು ಒಪ್ಪಿದಿರಾ ಎಂದು ಕೇಳಿದಳು. ಅವನು ಅವಳತ್ತ ನೋಡದೆ, ರಿಟೈರ್ ಆಗಲಿಕ್ಕೆ ಆರು ತಿಂಗಳು ಉಂಟು, ಈಗ ಇವರ ಹತ್ತಿರ ಜಗಳ ಯಾಕೆ, ನೀನೂ ಒಂದು ದಿನ ನಕ್ಕು ಮುಗಿಸಿಬಿಡು ಎಂದ. ಹದಿನಾಲ್ಕು ತಿಂಗಳಲ್ಲಿ ಒಮ್ಮೆಯಾದರೂ ನೀವು ಆ ಸಹಿಯ ಬಗ್ಗೆ ಸಾಹೇಬರನ್ನು ಕೇಳಿದ್ದೀರಾ ಎಂದು ಅವಳು ಕೇಳಿದಳು. ಸದಾನಂದ ಅನ್ನ ಕಲಸುವುದನ್ನು ನಿಲ್ಲಿಸಿದ. ಡಬ್ಬಿಯ ಮುಚ್ಚಳ ಹಾಕಿದ. ಆ ಕ್ಷಣ ಬಸವಂತರಾಯನಿಗಿಂತ ಅವನ ಮೇಲೇ ಅವಳಿಗೆ ಹೆಚ್ಚು ಸಿಟ್ಟು ಬಂತು. ಕಲಿಸಿದವನು ಅವನು. ಅವಳಿಗೆ ಕೆಲಸ ಬರುತ್ತದೆಂದು ಖಚಿತವಾಗಿ ಗೊತ್ತಿದ್ದವನು ಆ ಯಾರ್ಡಿನಲ್ಲಿ ಅವನೊಬ್ಬನೇ.

ಬರುವುದಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಯಾಕೆಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ಅವ್ವ ಅಷ್ಟು ಮಂದಿಗೆ ಹೇಳಿಬಿಟ್ಟಿದ್ದಳು. ಮತ್ತೆ, ಹದಿನಾಲ್ಕು ತಿಂಗಳ ಮೇಲೆ ಇಂಜಿನ್ ಹತ್ತುವ ಆಸೆಯೂ ಇತ್ತು. ಹಾಗೆ ಆಸೆಪಟ್ಟದ್ದಕ್ಕೆ ಅವಳಿಗೆ ತನ್ನ ಮೇಲೂ ಸಿಟ್ಟಿತ್ತು.

ಶೂಟಿಂಗ್ ಬೆಳಿಗ್ಗೆ ಒಂಬತ್ತಕ್ಕೆ ಶುರುವಾಯಿತು. ಮಾರ್ಚ್ ತಿಂಗಳ ಬಿಸಿಲು, ಕಬ್ಬಿಣವೆಲ್ಲ ಆಗಲೇ ಕಾದಿತ್ತು. ಹನ್ನೆರಡಕ್ಕೆ ಕಂಪನಿಯ ಡೈರೆಕ್ಟರ್ ಬಂದು ಹಸಿರು ಬಾವುಟ ತೋರಿಸುವುದು, ಅಷ್ಟರೊಳಗೆ ಉಳಿದದ್ದೆಲ್ಲ ಮುಗಿಯಬೇಕು. ಅನುರಾಧಾಳಿಗೆ ಅಂಗಿ ಪ್ಯಾಂಟು ಒಂದೇ ಆಗಿ ಹೊಲಿದ ಹೊಸ ಬಾಯ್ಲರ್ ಸೂಟು ಕೊಟ್ಟರು. ಅದರ ಮೇಲೆ ಎಣ್ಣೆಯ ಕಲೆಯನ್ನು ಬ್ರಷ್ಷಿನಲ್ಲಿ ಹಚ್ಚಿದರು. ಕೆನ್ನೆಗೂ ಒಂದು ಗೀರು ಹಚ್ಚಲು ಬಂದ ಹುಡುಗಿಯ ಕೈಯನ್ನು ಅವಳು ತಡೆದಳು.

ಕ್ಯಾಬಿನಿನೊಳಗೆ ಸದಾನಂದ ನೆಲಕ್ಕೆ ಗೋಣಿಚೀಲ ಹಾಸಿಕೊಂಡು ಕಿಟಕಿಯ ಅಡಿಯಲ್ಲಿ ಮುದುಡಿ ಕೂತಿದ್ದ. ಐವತ್ತೆಂಟರ ಮನುಷ್ಯ, ಎರಡೂ ಮೊಣಕಾಲು ಹಾಳಾಗಿದ್ದವು. ಕೂತಲ್ಲಿಂದ ಒಂದು ಕೈ ಮೇಲೆತ್ತಿದರೆ ವೇಗದ ಹಿಡಿ ಸಿಗುತ್ತಿತ್ತು, ಇನ್ನೊಂದು ಕೈಗೆ ಬ್ರೇಕು. ಹೊರಗೆ ಏನೂ ಕಾಣುತ್ತಿರಲಿಲ್ಲ. ಎದುರಿನ ಹಳಿಯಲ್ಲಿ ಆರು ಖಾಲಿ ವ್ಯಾಗನ್ನು ನಿಂತಿದ್ದವು. ಇಂಜಿನ್ನು ಮೆಲ್ಲಗೆ ಹೋಗಿ ಅವಕ್ಕೆ ತಾಗಿ ನಿಲ್ಲಬೇಕು, ಅವಳು ಕಿಟಕಿಯಿಂದ ಬಾಗಿ ನಗುತ್ತ ಕೈ ಬೀಸಬೇಕು, ಇಷ್ಟು ಚಿತ್ರ. ವ್ಯಾಗನ್ನಿನ ಪಕ್ಕದಲ್ಲಿ ಪಾಯಿಂಟ್ಸ್‌ಮನ್ ಶಿವಪುತ್ರ ಹಸಿರು ಬಾವುಟ ಹಿಡಿದು ನಿಂತಿದ್ದ. ಇಂಜಿನ್ನಿಗೆ ದಾರಿ ತೋರಿಸಿ, ತಾಗಿದ ಮೇಲೆ ವ್ಯಾಗನ್ನಿಗೆ ಕೊಂಡಿ ಹಾಕುವವನು ಅವನು.

ಶ್ರಾವ್ಯಾ ಕೆಳಗಿನಿಂದ ಕೂಗಿ ಹೇಳಿದಳು. "ಅನುರಾಧಾ, ನಿಮ್ಮ ಎರಡೂ ಹ್ಯಾಂಡ್ಸ್ ಹೊರಗೇ ಇರ್ಲಿ ಆಯ್ತಾ? ಅಂದರ್ ಕುಛ್ ಟಚ್ ಮಾಡ್ಬೇಡಿ ಪ್ಲೀಸ್. ಇನ್ಶೂರೆನ್ಸ್ ಪ್ರಾಬ್ಲಮ್ ಆಗ್ತದೆ."

ಇಂಜಿನ್ನು ಚಲಿಸಿತು. ಶಿವಪುತ್ರ ಬಾವುಟ ಬೀಸಿದ. ಕಾಲ ಬಳಿಯಿಂದ ಸದಾನಂದನ ದನಿ ಬಂತು.

"ಎಷ್ಟು ದೂರ ಉಂಟು ಅನು?"

"ನಲವತ್ತು ಅಡಿ," ಎಂದಳು ನಗುಮುಖ ಕೆಡಿಸದೆ. "ಇಪ್ಪತ್ತು. ಕಮ್ಮಿ ಮಾಡ್ರಿ. ಹತ್ತು. ಐದು. ಹಿಡೀರಿ."

ಇಂಜಿನ್ನು ವ್ಯಾಗನ್ನಿಗೆ ತಾಗಿ ನಿಂತಿತು. ನಗು ಸಾಲದು ಎಂದು ಕ್ಯಾಮೆರಾದವನು ಹೇಳಿದ. ಎರಡನೇ ಸಲ ಹೋದರು. ಆಗ ಬಾನೆಟ್ಟಿನ ಮೇಲೆ ಕಾಗೆ ಕೂತು ಕೆಡಿಸಿತು. ಮೂರನೇ ಸಲ ಹಿಂದಿನ ಬಿಲ್ಡಿಂಗಿನ ಬಾಲ್ಕನಿಯಲ್ಲಿ ಯಾರೋ ಬಟ್ಟೆ ಒಣಹಾಕಿದರು. ಪ್ರತಿ ಸಲವೂ ಅವಳು ಅಡಿ ಎಣಿಸಿ ಹೇಳಬೇಕು, ಅವನು ಕುರುಡನಂತೆ ನಡೆಸಬೇಕು. ಮಾಡುವುದೆಲ್ಲ ಅವಳೇ ಮಾಡುತ್ತಿದ್ದಳು. ಸಿಗ್ನಲ್ ಓದುವುದು ಅವಳು, ದೂರ ಅಳೆಯುವುದು ಅವಳು, ಯಾವಾಗ ಹಿಡಿಯಬೇಕೆಂದು ಹೇಳುವುದೂ ಅವಳು. ಕೈ ಮಾತ್ರ ಕಿಟಕಿಯಾಚೆ ಬಿಸಿಲಲ್ಲಿ ಜೋತುಬಿದ್ದಿತ್ತು.

ನಾಲ್ಕನೆಯ ಸಲ ಮುಗಿದಾಗ ಸದಾನಂದ ಏಳಲು ನೋಡಿದ, ಆಗಲಿಲ್ಲ. ಬಲ ಮೊಣಕಾಲು ಮಡಿಸಿದಲ್ಲೇ ಕಚ್ಚಿಕೊಂಡಿತ್ತು. ಅನುರಾಧಾ ಬಗ್ಗಿ ಅವನ ಕಂಕುಳಿಗೆ ಕೈಹಾಕಿ ಎತ್ತಿದಳು. ಅವನ ಬೆನ್ನು ಬೆವರಿನಿಂದ ತೊಯ್ದಿತ್ತು, ತುಟಿ ಕಚ್ಚಿ ಹಿಡಿದಿದ್ದ. ಕೆಳಗೆ ಕ್ಯಾಮೆರಾದ ಗುಂಪಿನಲ್ಲಿ ಯಾರೋ, ಅಂಕಲ್‌ಗೊಂದು ದಿಂಬು ಕೊಡ್ರೋ ಎಂದು ಹಿಂದಿಯಲ್ಲಿ ಅಂದರು. ಒಂದಿಬ್ಬರು ನಕ್ಕರು. ಮೂವತ್ತನಾಲ್ಕು ವರ್ಷ ಇದೇ ಇಂಜಿನ್ನುಗಳನ್ನು ನಡೆಸಿದ ಮನುಷ್ಯ ಆ ನಗು ಕೇಳಿಸಿಕೊಂಡು, ಕೇಳದವನ ಹಾಗೆ ಬಾಟಲಿಯ ನೀರು ಕುಡಿದ.

"ಇನ್ನೊಂದೇ ಸಲ," ಎಂದಳು ಶ್ರಾವ್ಯಾ.

ಸದಾನಂದ ಗೋಡೆ ಹಿಡಿದುಕೊಂಡು ಮತ್ತೆ ಕೂರಲು ಹೊರಟ. ಆಗ ಬಸವಂತರಾಯ ಹಳಿಯ ಪಕ್ಕಕ್ಕೆ ಬಂದು, ಅಷ್ಟು ಜನರೆದುರು, ಚಿಕ್ಕ ಮಗುವಿಗೆ ಹೇಳುವ ದನಿಯಲ್ಲಿ ಹೇಳಿದ.

"ನಗಬೇಕವ್ವಾ. ಮಾರಿ ಎದಕ ಗಂಟು ಹಾಕ್ಕೊಂಡೀ? ನಕ್ಕೊಂತ ಕೈ ಬೀಸು."

ಅನುರಾಧಾ ಕೈ ಒಳಗೆ ತೆಗೆದುಕೊಂಡಳು.

ಮೊದಲು ಬ್ರೇಕ್ ಪೂರ್ತಿ ಹಾಕಿದಳು. ಗಾಳಿಯ ಒತ್ತಡ ತೋರಿಸುವ ಮುಳ್ಳು ಸರಿಯಿದೆಯೇ ನೋಡಿದಳು. ಆಮೇಲೆ ರಿವರ್ಸರ್ ಹಿಡಿಯನ್ನು ನಡುವಿಗೆ ತಂದು ನಿಲ್ಲಿಸಿ, ಮೇಲಕ್ಕೆಳೆದು ಕಿತ್ತುಕೊಂಡಳು. ಗೇಣುದ್ದದ ಕಬ್ಬಿಣದ ಹಿಡಿ ಅದು. ಇಂಜಿನ್ನು ಮುಂದೆ ಹೋಗಬೇಕೋ ಹಿಂದೆ ಹೋಗಬೇಕೋ ಎಂದು ಹೇಳುವುದೇ ಅದು. ಅದನ್ನು ತೆಗೆದರೆ ಇಂಜಿನ್ನು ಗುರುಗುಡುತ್ತ ನಿಂತಿರುತ್ತದೆ ಅಷ್ಟೇ, ಒಂದಿಂಚು ಕದಲುವುದಿಲ್ಲ. ಹಿಡಿಯನ್ನು ಹೊಸ ಬಾಯ್ಲರ್ ಸೂಟಿನ ಜೇಬಿಗೆ ಹಾಕಿಕೊಂಡು ಅವಳು ಮೆಟ್ಟಿಲಿಳಿದಳು. ಯಾರಿಗೂ ಏನೂ ಹೇಳದೆ ಮೂರು ಹಳಿ ದಾಟಿ ಗೋದಾಮಿನ ಕಟ್ಟೆಯ ಮೇಲೆ ಹೋಗಿ ಕೂತಳು.

ನೀರು ಕುಡಿಯಲು ಹೋದಳೆಂದು ಮೊದಲು ಎಲ್ಲರೂ ಅಂದುಕೊಂಡರು. ಹತ್ತು ನಿಮಿಷದ ಮೇಲೆ ಬಸವಂತರಾಯನಿಗೆ ವಿಷಯ ಗೊತ್ತಾಯಿತು. ಆರನೇ ನಂಬರಿನ ಹಿಡಿ ತಂದು ಹಾಕು, ಕಿಟಕಿಯಲ್ಲಿ ಬೇರೆ ಯಾರನ್ನಾದರೂ ನಿಲ್ಲಿಸೋಣ ಎಂದು ಅವನು ಸದಾನಂದನಿಗೆ ಹೇಳಿದ. ಸದಾನಂದ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದ. ನಾನಿನ್ನು ನೆಲದಲ್ಲಿ ಕೂರುದಿಲ್ಲ ಸರ್, ಮೊಣಕಾಲು ಆಗುದಿಲ್ಲ, ಆಗುದಾದರೂ ಕೂರುದಿಲ್ಲ ಎಂದ. ಆರನೇ ನಂಬರಿನ ಶಂಟರನೂ ಆಗ ಯಾಕೋ ಯಾರ್ಡಿನ ಆ ತುದಿಗೆ ಇಂಜಿನ್ ಒಯ್ದು ನಿಲ್ಲಿಸಿ ಚಹಾ ಕುಡಿಯಲು ಹೋಗಿದ್ದ. ಅವನಿಗೆ ಶಿವಪುತ್ರ ಫೋನು ಮಾಡಿದ್ದನೆಂದು ಆಮೇಲೆ ಗೊತ್ತಾಯಿತು.

ಬಸವಂತರಾಯ ಕಟ್ಟೆಯ ಹತ್ತಿರ ಬಂದು ಕೈ ಚಾಚಿದ. ಹುಡುಗಾಟ ಸಾಕು, ಕೊಡು ಎಂದ. ಡೈರೆಕ್ಟರ್ ಬರುವ ಹೊತ್ತಾಯಿತು, ನನ್ನ ಮಾನ ಹೋಗುತ್ತದೆ ಎಂದ. ಖಂಡಪ್ಪನ ಹೆಸರು ಎತ್ತಿದ. ಆಗ ಅವಳು ಮೊದಲ ಸಲ ಬಾಯಿಬಿಟ್ಟಳು.

"ನಮ್ಮಪ್ಪನ ಹೆಸರು ತಗೀಬ್ಯಾಡ್ರಿ ಸಾಹೇಬ್ರ. ಅವ ಸಾಯೋ ಮುಂದ ಮಾತಾಡಿದ್ದಿಲ್ಲ. ಅದು ನಿಮಗೂ ಗೊತ್ತದ."

ಬಸವಂತರಾಯ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. ಅವಳು ಅವನನ್ನು ಕಾಕಾ ಅನ್ನುವುದು ಅಲ್ಲಿಗೆ ನಿಂತಿತು.

ಆಮೇಲೆ ಶ್ರಾವ್ಯಾ ಬಂದಳು. ಅವಳು ಹೆದರಿದ್ದಳು. ಒಂದೇ ಟೇಕ್, ಹೋರ್ಡಿಂಗ್‌ನಲ್ಲಿ ನಿಮ್ಮ ಫೋಟೋ ಬರುತ್ತದೆ, ಅದನ್ನು ನೋಡಿ ಎಷ್ಟೋ ಹುಡುಗಿಯರು ಈ ಕೆಲಸಕ್ಕೆ ಬರಬಹುದು, ಅದು ಒಳ್ಳೆಯದಲ್ಲವೇ ಎಂದು ಹಿಂದಿ ಕನ್ನಡ ಬೆರೆಸಿ ಬೇಡಿಕೊಂಡಳು.

"ನೀವು ಬಾಂದ್ರಾದಾಗ ಕುರ್ಚಿ ಮ್ಯಾಲ ಕುಂತಿರ್ತೀರಲ್ಲ," ಎಂದಳು ಅನುರಾಧಾ. "ಟೇಬಲ್ ಕೆಳಗ ಒಬ್ಬ ಗಂಡಸು ಕುಂತು ನಿಮ್ಮ ಕೆಲಸ ಮಾಡ್ತಾನೇನ್ರಿ?"

ಶ್ರಾವ್ಯಾಗೆ ಎಲ್ಲ ಮಾತೂ ತಿಳಿಯಿತೋ ಇಲ್ಲವೋ. ಆದರೆ ಅವಳು ಮತ್ತೆ ಕೇಳಲಿಲ್ಲ. ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತು ಫೋನು ಒತ್ತುತ್ತಿದ್ದಳು.

ಹನ್ನೆರಡೂ ಹತ್ತಕ್ಕೆ ಡೈರೆಕ್ಟರ್ ಬಂದರು. ಅವರ ಕೈಗೆ ಹಸಿರು ಬಾವುಟ ಕೊಟ್ಟರು. ಹೂವಿನ ಹಾರ ಹಾಕಿದ ಎಂಟನೇ ನಂಬರ್ ಇಂಜಿನ್ನು ಎದುರಿಗೆ ಗುರುಗುಡುತ್ತ ನಿಂತಿತ್ತು. ಅವರು ಬಾವುಟ ಬೀಸಿದರು. ಇಂಜಿನ್ನು ನಿಂತೇ ಇತ್ತು. ತಾಂತ್ರಿಕ ತೊಂದರೆ ಎಂದು ಯಾರೋ ಅವರ ಕಿವಿಯಲ್ಲಿ ಹೇಳಿ, ಛತ್ರಿ ಹಿಡಿದು ಕಾರಿಗೆ ಕರೆದುಕೊಂಡು ಹೋದರು. ಕಾರು ಗೇಟು ದಾಟಿದ ಮೇಲೆ ಅನುರಾಧಾ ಎದ್ದುಹೋಗಿ ಹಿಡಿಯನ್ನು ಸದಾನಂದನ ಕೈಗೆ ಕೊಟ್ಟಳು. ಅವನು ಅದನ್ನು ಅಂಗಿಯ ತುದಿಯಲ್ಲಿ ಒರೆಸುತ್ತ ಏನೋ ಹೇಳಲು ನೋಡಿದ. ಅವಳು ಕೇಳಲು ನಿಲ್ಲಲಿಲ್ಲ.

ಮೂರನೇ ದಿನ ಅವಳನ್ನು ಸಸ್ಪೆಂಡ್ ಮಾಡಿ ಚಾರ್ಜ್‌ಶೀಟ್ ಕೊಟ್ಟರು. ಬಸವಂತರಾಯನ ಪತ್ರಗಳನ್ನೆಲ್ಲ ಟೈಪ್ ಮಾಡುತ್ತಿದ್ದವಳು ಅವಳೇ. ಇದನ್ನು ಅವನು ಎರಡು ಬೆರಳಲ್ಲಿ ತಾನೇ ಟೈಪ್ ಮಾಡಿದ್ದ, ಸಾಲಿಗೆರಡು ತಪ್ಪಿದ್ದವು. ಮನೆಗೆ ತಂದು ಅದನ್ನು ಮೂರು ಸಲ ಓದಿದಳು. ಎಂಟನೇ ನಂಬರ್ ಇಂಜಿನ್ನಿನ ಶಂಟರ್ ಆಗಿ ಕರ್ತವ್ಯದಲ್ಲಿದ್ದಾಗ, ಅನುಮತಿಯಿಲ್ಲದೆ ಇಂಜಿನ್ ಬಿಟ್ಟುಹೋದ ಆಪಾದನೆ ಎಂದು ಅದರಲ್ಲಿತ್ತು.

ಅವಳಿಗೆ ಹೊಳೆಯಿತು. ಆಫೀಸಿನ ಕೆಲಸದವಳು ಎಂದು ಬರೆದರೆ, ಚಾಲೂ ಇಂಜಿನ್ನಿನ ಕ್ಯಾಬಿನಿಗೆ ಆಫೀಸಿನವಳನ್ನು ಹತ್ತಿಸಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಸದಾನಂದ ನೆಲದಲ್ಲಿ ಕೂತು ನಡೆಸಿದ್ದು ಹೊರಗೆ ಬರುತ್ತದೆ. ಕೆಲಸ ಹೋಗುವುದು ಬಸವಂತರಾಯನದು. ಹದಿನಾಲ್ಕು ತಿಂಗಳು ಯಾವ ಶಬ್ದವನ್ನು ಅವಳಿಗೆ ಕೊಡದೆ ಇಟ್ಟುಕೊಂಡಿದ್ದನೋ ಶಂಟರ್ ಎಂಬ ಆ ಶಬ್ದವನ್ನು ತನ್ನ ತಲೆ ಉಳಿಸಿಕೊಳ್ಳಲು ಅವನೇ ಬರೆದಿದ್ದ. ಅದನ್ನು ನೋಡಿ ಅವಳಿಗೆ ಸಂತೋಷವಾಗಲಿಲ್ಲ. ಸಿಟ್ಟು ಬಂತು. ಇಷ್ಟು ಸುಲಭವಾಗಿತ್ತೇ ಇದು? ಎರಡು ಬೆರಳಲ್ಲಿ ಬರೆಯುವಷ್ಟು?

ಸಿನಿಮಾ ಅಷ್ಟರಲ್ಲಿ ಹೊರಗೆ ಬಂದಿತ್ತು. ಆ ನಾಲ್ಕು ಸಲ ತೆಗೆದದ್ದರಲ್ಲೇ ನಾಲ್ಕು ಸೆಕೆಂಡು ಕತ್ತರಿಸಿ ಹಾಕಿದ್ದರು. ಅವರು ವಾಸವಿದ್ದ ಚಾಳಿನ ವಾಟ್ಸ್ಯಾಪಿನಲ್ಲೆಲ್ಲ ಓಡಾಡಿತು. ಅಕ್ಕಪಕ್ಕದವರು ಬಂದು ಸೋಮವ್ವನಿಗೆ ತೋರಿಸಿ ಹೊಗಳಿದರು. ಸೋಮವ್ವ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಎರಡು ಸಲ ನೋಡಿ, ಎರಡೂ ಕೈ ಹೊರಗ ಇಟ್ಟು ಇಂಜಿನ್ ಹೆಂಗ ನಡಸ್ತೀಯೇ ಎಂದು ಕೇಳಿದಳು. ಅನುರಾಧಾ ಅವ್ವನಿಗೆ ಎಲ್ಲವನ್ನೂ ಹೇಳಿದಳು. ಸೋಮವ್ವ ಮುಂದಿನ ವಾರ ಬಸವಂತರಾಯನ ಹೆಂಡತಿ ಸೊಪ್ಪು ಕೊಳ್ಳಲು ಬಂದಾಗ, ಇಲ್ಲ ಅಂದು ಕಳಿಸಿದಳು. ಬುಟ್ಟಿ ತುಂಬ ಸೊಪ್ಪಿತ್ತು.

ವಿಚಾರಣೆ ಏಪ್ರಿಲ್ ಕೊನೆಗೆ ನಡೆಯಿತು. ಹೊರಗಿನಿಂದ ಬಂದಿದ್ದ ನಿವೃತ್ತ ಅಧಿಕಾರಿಯೊಬ್ಬರು ಕೂತಿದ್ದರು. ಆಪಾದನೆಗೆ ನಿನ್ನ ಉತ್ತರವೇನು ಎಂದು ಕೇಳಿದರು. ಒಪ್ಪಿದ್ದೇನೆ ಎಂದಳು ಅನುರಾಧಾ. ಪ್ರತಿ ಶಬ್ದವನ್ನೂ ಒಪ್ಪಿದ್ದೇನೆ, ಹಾಗಂತಲೇ ಬರೆದುಕೊಳ್ಳಿ, ನಾನು ಎಂಟನೇ ನಂಬರ್ ಇಂಜಿನ್ನಿನ ಶಂಟರ್, ಇಂಜಿನ್ ಬಿಟ್ಟು ಹೋದದ್ದು ನಿಜ ಎಂದಳು. ಅಧಿಕಾರಿ ಬರೆಯುತ್ತ ಬರೆಯುತ್ತ ನಿಲ್ಲಿಸಿ, ಹಾಗಾದರೆ ನಿನ್ನ ಸಹಿ ಆದ ಫಾರಂ ಎಲ್ಲಿದೆ ಎಂದು ಕೇಳಿದರು. ಅವಳು ಬಸವಂತರಾಯನ ಕಡೆ ಕೈ ತೋರಿಸಿದಳು. ಅವನು ನೀರಿನ ಗ್ಲಾಸು ಎತ್ತಿಕೊಂಡ.

ಸಾಕ್ಷಿಗೆ ಸದಾನಂದನನ್ನು ಕರೆದರು. ಆ ದಿನ ಇಂಜಿನ್ ನಡೆಸಿದ್ದು ಯಾರು ಎಂಬ ಪ್ರಶ್ನೆಗೆ ಅವನು ಹಿಂದಿಯಲ್ಲಿ ನಿಧಾನವಾಗಿ ಉತ್ತರ ಕೊಟ್ಟ. ಸಿಗ್ನಲ್ ನೋಡಿದ್ದು ಅವಳು, ಎಷ್ಟು ಅಡಿ ಇದೆ ಎಂದು ಹೇಳಿದ್ದು ಅವಳು, ಎಲ್ಲಿ ನಿಲ್ಲಿಸಬೇಕೆಂದು ಹೇಳಿದ್ದೂ ಅವಳು, ಕೆಳಗೆ ಕೂತಿದ್ದ ನನಗೆ ನನ್ನ ಬೂಟು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ ಎಂದ. ಅವಳ ಮೂವತ್ತು ಪಾಳಿಗೆ ನಾನು ಸಹಿ ಹಾಕಿ ಹದಿನಾಲ್ಕು ತಿಂಗಳು ಮೀರಿತು ಎಂದೂ ಸೇರಿಸಿದ. ಇಷ್ಟೆಲ್ಲ ಗೊತ್ತಿದ್ದೂ ನೆಲದಲ್ಲಿ ಕೂರಲು ಯಾಕೆ ಒಪ್ಪಿದೆ ಎಂದು ಅಧಿಕಾರಿ ಕೇಳಿದರು. ಹೆದರಿದೆ ಎಂದ ಸದಾನಂದ. ಅನುರಾಧಾಳ ಕಡೆ ತಿರುಗಿ ಅದನ್ನೇ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದ. "ಹೆದರಿದೆ ಅನು. ನಾನು ಕೇಳಬೇಕಿತ್ತು."

ಅವಳು ತಲೆ ಆಡಿಸಿದಳು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ.

ತೀರ್ಪು ಎರಡು ಸಾಲಿನದು. ಇಂಜಿನ್ ಬಿಟ್ಟುಹೋದ ತಪ್ಪಿಗೆ ಅವಳ ಒಂದು ವರ್ಷದ ವೇತನ ಬಡ್ತಿ ತಡೆಹಿಡಿಯಲಾಗಿದೆ. ಅವಳು ಶಂಟರ್ ಆಗಿ ಕೂಡಲೇ ಕೆಲಸಕ್ಕೆ ಹಾಜರಾಗತಕ್ಕದ್ದು. ಬಸವಂತರಾಯನ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಅವಳ ಫಾರಂಗೆ ಕೊನೆಗೂ ಸಹಿ ಬಿತ್ತು, ಆದರೆ ಶೂಟಿಂಗಿನ ಹಿಂದಿನ ದಿನದ ತಾರೀಕು ಹಾಕಿ. ಆಗ ಸಿನಿಮಾವೂ ನಿಜವಾಗುತ್ತದೆ, ಚಾರ್ಜ್‌ಶೀಟೂ ನಿಜವಾಗುತ್ತದೆ. ತಾರೀಕು ತಪ್ಪಿದೆ ಎಂದು ಅವಳು ಹೇಳಿದಳು. ಬೇಕಾದರೆ ತಗೋ, ಬೇಡವಾದರೆ ಬಿಡು ಎಂದು ಆಫೀಸಿನ ಗುಮಾಸ್ತ ಹೇಳಿದ. ಅವಳು ಫಾರಂ ತೆಗೆದುಕೊಂಡಳು. ತಗೊಂಡದ್ದಕ್ಕೆ ಸಹಿ ಹಾಕುವ ಪುಸ್ತಕದಲ್ಲಿ ಅಂದಿನ ತಾರೀಕನ್ನು ಅಂಕೆಯಲ್ಲಿ ಬರೆದು, ಪಕ್ಕದಲ್ಲಿ ಅಕ್ಷರದಲ್ಲೂ ಬರೆದಳು. ಪೆನ್ನು ಎಷ್ಟು ಒತ್ತಿ ಬರೆದಳೆಂದರೆ ಕೆಳಗಿನ ಮೂರು ಹಾಳೆಗಳಲ್ಲೂ ಅದು ಮೂಡಿತು.

ಮೊದಲ ಪಾಳಿ ಮೇ ತಿಂಗಳಲ್ಲಿ, ಬೆಳಿಗ್ಗೆ ಆರಕ್ಕೆ. ಹದಿನೇಳು ಗೊಬ್ಬರದ ವ್ಯಾಗನ್ನುಗಳನ್ನು ಒಂದನೇ ಹಳಿಯಿಂದ ತೆಗೆದು ಮೂರು ಗೋದಾಮಿಗೆ ಹಂಚಬೇಕಿತ್ತು. ಸದಾನಂದನ ಪಾಳಿ ಮಧ್ಯಾಹ್ನದ್ದು. ಕ್ಯಾಬಿನಿನಲ್ಲಿ ಅವಳು ಒಬ್ಬಳೇ. ಶಿವಪುತ್ರ ಬಾವುಟ ಬೀಸಿದ. ಹಾರ್ನ್ ಕೊಟ್ಟಳು. ವೇಗದ ಹಿಡಿಯನ್ನು ಒಂದು ಹೆಜ್ಜೆ ಎಳೆದಾಗ ಕಾಲಡಿಯ ಉಕ್ಕಿನ ನೆಲ ಅದುರಿತು, ಭಾರ ಎಳೆಯುವ ಮೊದಲ ಜಗ್ಗು ಬೆನ್ನುಮೂಳೆಯಲ್ಲಿ ತಿಳಿಯಿತು. ಐದು ವ್ಯಾಗನ್ನು ಬಿಟ್ಟಳು, ಹಿಂದಕ್ಕೆ ಬಂದಳು, ಇನ್ನೂ ಆರು ಎಳೆದಳು. ಎಲ್ಲೂ ಧಡಲ್ ಎನ್ನಲಿಲ್ಲ. ಎರಡೂವರೆ ಗಂಟೆ ಅವಳಿಗೆ ಬೇರೇನೂ ನೆನಪಾಗಲಿಲ್ಲ.

ಎಂಟೂವರೆಗೆ ಎರಡನೇ ಗೋದಾಮಿನ ಹಳಿಗೆ ತಿರುಗುವಾಗ ಬಸವಂತರಾಯ ಕಂಡ. ಕೈಯಲ್ಲಿ ಪೇಡೆಯ ಡಬ್ಬಿ ಹಿಡಿದು ಹಳಿಯ ನಡುವೆಯೇ ನಡೆದು ಬರುತ್ತಿದ್ದ. ಹಿಂದೆ ಆಫೀಸಿನ ನಾಲ್ಕು ಮಂದಿ, ಒಬ್ಬನ ಕೈಯಲ್ಲಿ ಫೋನು. ಅವಳು ಇಂಜಿನ್ ನಿಲ್ಲಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಅವನು ಡಬ್ಬಿಯ ಮುಚ್ಚಳ ತೆಗೆದು ಮೇಲಕ್ಕೆ ಹಿಡಿದ. ಇಂಜಿನ್ನಿನ ಸದ್ದಿಗೆ ಅವನ ಮಾತು ಅರ್ಧ ಅರ್ಧ ಕೇಳಿಸಿತು. ನಮ್ಮೂರಿನ ಹುಡುಗಿ, ಮಾಡೇ ಮಾಡ್ತಾಳ ಅಂತ ನನಗ ಮೊದಲಿನಿಂದ ಗೊತ್ತಿತ್ತು ಎಂದು ಅವನು ಹಿಂದಿನವರಿಗೆ ಹೇಳುತ್ತಿದ್ದ. ಫೋನು ಹಿಡಿದವನು ಫೋನು ಎತ್ತಿದ.

ಅನುರಾಧಾ ಪೇಡೆಯ ಕಡೆ ನೋಡಲಿಲ್ಲ. ಅವನ ಕಾಲ ಕೆಳಗಿನ ಹಳಿಯನ್ನು ನೋಡಿದಳು.

"ಬಾಜೂಕ ಸರೀರಿ ಸಾಹೇಬ್ರ," ಎಂದಳು. "ಹಿಂದ ಲೋಡ್ ಅದ. ನಾ ಮುಂದ ಬರ್ಲಕತ್ತೀನಿ."

ಅವನು ನಗುತ್ತ ಇನ್ನೂ ಅಲ್ಲೇ ನಿಂತಿದ್ದ. ಅವಳು ಹಾರ್ನಿನ ಗುಂಡಿ ಒತ್ತಿ ಹಿಡಿದಳು. ಕಲ್ಲಿನ ಗೋದಾಮುಗಳ ನಡುವೆ ಆ ಸದ್ದು ಕಿವಿಗಡಚಿಕ್ಕಿತು. ಫೋನಿನವನು ಎರಡು ಕೈಯಿಂದಲೂ ಕಿವಿ ಮುಚ್ಚಿಕೊಂಡ. ಬಸವಂತರಾಯ ಹಳಿ ದಾಟಿ ಜಲ್ಲಿಯ ಮೇಲೆ ಇಳಿಯುವ ತನಕ ಅವಳು ಗುಂಡಿಯಿಂದ ಬೆರಳು ತೆಗೆಯಲಿಲ್ಲ. ಆಮೇಲೆ ಬ್ರೇಕ್ ಬಿಟ್ಟು, ಆ ಆರು ವ್ಯಾಗನ್ನುಗಳನ್ನು ಎಳೆದುಕೊಂಡು ಅವನ ಪಕ್ಕದಿಂದ ಹಾದುಹೋದಳು.